ಪಾಠದ ಬೆಂಚು

ಸತ್ತವರ ಬಗ್ಗೆ ಕೆಟ್ಟದ್ದನ್ನು ಆಡಬಾರದೆಂಬುದು ನಮ್ಮ ಸೀಮೆಯ ನಡವಳಿಕೆ. ಅದನ್ನು ಮುರಿಯಬಹುದೆಂದು ನನಗೆ ತೋರಿಸಿಕೊಟ್ಟವರು, ಕಳೆದ ತಿಂಗಳು ತೀರಿಕೊಂಡ ನಮ್ಮ ವೈದ್ಯರೇ. ನಾನು ಕಾಲೇಜಿನಲ್ಲಿದ್ದಾಗ ಊರಿನ ದೊಡ್ಡ ಕುಳವೊಬ್ಬರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಅವರ ದಾನಧರ್ಮವನ್ನು ಕೊಂಡಾಡುತ್ತಿದ್ದಾಗ ವೈದ್ಯರು ಎದ್ದು ನಿಂತು, "ಬದುಕಿದ್ದಾಗ ಬ್ಯಾಸಿಗ್ಯಾಗ ತಮ್ಮ ಬಾವಿಗೆ ಬೀಗ ಹಾಕತಿದ್ರು. ಸತ್ತ ಕೂಡ್ಲೆ ಆ ಬೀಗ ಹೂವಿನ ಹಾರ ಆಗೂದಿಲ್ಲ," ಎಂದು ಹೇಳಿ ಕುಳಿತುಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಆ ಬೀಗದ ಮಾತನ್ನು ಇಂದು ಅವರಿಗೇ ಹಿಂದಿರುಗಿಸುತ್ತಿದ್ದೇನೆ.

ಸ್ಮರಣ ಸಂಚಿಕೆಯ ಸಮಿತಿಯವರು ಮನೆಗೆ ಬಂದಿದ್ದರು. "ನಿಮ್ಮ ಕಾಲು ಉಳಿಸಿದ ಕಥಿ ಬರೀರಿ ಮೇಷ್ಟ್ರ, ಒಂದು ಪುಟ ಸಾಕು. ಉಪಕಾರ ಮರೀಬಾರ್ದು ನೋಡ್ರಿ," ಎಂದರು. ಉಪಕಾರವನ್ನು ನಾನು ಮರೆತಿಲ್ಲ. ಉಳಿದದ್ದನ್ನೂ ಮರೆತಿಲ್ಲ. ಆದ್ದರಿಂದ ಒಂದು ಪುಟ ಸಾಲಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಿಗೆ ತಮ್ಮ ಹೆಸರಿನ ಮೇಲೆ ಬಹಳ ಪ್ರೀತಿ ಇತ್ತು. ಆಸ್ಪತ್ರೆಯ ಗೋಡೆಯ ಮೇಲೆ, ಕುಡಿಯುವ ನೀರಿನ ತೊಟ್ಟಿಯ ಮೇಲೆ, ಬಸ್ ತಂಗುದಾಣದ ಮೇಲೆ, ಚರ್ಚಾಸ್ಪರ್ಧೆಯ ಪ್ರತಿಯೊಂದು ಪಾರಿತೋಷಕದ ಮೇಲೆ ಆ ಹೆಸರು ಇದೆ. ಒಂದು ಬರಹದಲ್ಲಾದರೂ ಅದು ಇಲ್ಲದಿರಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಕಡೆಯಿಂದ ಜನ ಅವರಲ್ಲಿಗೆ ಬರುತ್ತಿದ್ದರು. ಅವರಿದ್ದ ಊರು ಇವುಗಳಲ್ಲಿ ಯಾವುದೆಂದು ಹೇಳಿದರೂ ಹೆಸರು ಹೇಳಿದಂತೆಯೇ ಆಗುತ್ತದೆ. ಅದನ್ನೂ ಬಿಡುತ್ತೇನೆ.

ನಾನು ಅವರನ್ನು ಹತ್ತಿರದಿಂದ ಕಂಡದ್ದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ. ಅಜ್ಞಾನಕ್ಕೆ ಶಿಕ್ಷೆಯೇ ಮದ್ದು ಎಂಬುದು ಅಂದಿನ ವಿಷಯ. ನಾನು ವಿರೋಧವಾಗಿ ಮಾತನಾಡಿದ್ದೆ. ಅವರು ತೀರ್ಪುಗಾರರು. ಕಟ್ಟುಮಸ್ತಾದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ದಪ್ಪ ಕಟ್ಟಿನ ಕನ್ನಡಕ. ವಾದ ಕೇಳುವಷ್ಟು ಹೊತ್ತು ಕನ್ನಡಕ ಮೂಗಿನ ಮೇಲಿರುತ್ತಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟರೆಂದರೆ ವಾದ ಮುಗಿಯಿತು, ಇನ್ನು ಯಾರೂ ಮಾತನಾಡುವಂತಿಲ್ಲ ಎಂದರ್ಥ. ನನಗೆ ಎರಡನೆಯ ಬಹುಮಾನ ಕೊಟ್ಟು, "ಚಲೋ ಮಾತಾಡಿದಿ. ಆದ್ರ ಮೆತ್ತಗ ಮಾತಾಡಿದಿ. ಎದುರಿನವನ ಗಟ್ಟಿ ಮಾತನ್ನ ಮೊದ್ಲ ಒಪ್ಪಿಕೋಬೇಕು. ಆಮ್ಯಾಲೆ ಹೊಡಿಬೇಕು. ನೀ ಒಪ್ಪಿಕೊಂಡಿ, ಹೊಡಿಲಿಲ್ಲ," ಎಂದರು. ಹಳ್ಳಿಹಳ್ಳಿ ತಿರುಗಿ ಬಾಲ್ಯವಿವಾಹ, ಬರೆ, ಮಾಟದ ವಿರುದ್ಧ ಮಾತನಾಡುವ ಹುಚ್ಚು ನನಗೆ ಹತ್ತಿದ್ದು ಆ ದಿನದಿಂದ. ಹೈಸ್ಕೂಲಿನಲ್ಲಿ ಮೇಷ್ಟ್ರಾದ ಮೇಲೂ ಅದು ಬಿಡಲಿಲ್ಲ.

ಅವರ ಗಟ್ಟಿ ಮಾತುಗಳನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಅವರು ಮಹಾ ಬುದ್ಧಿವಂತರು. ಹೊಟ್ಟೆ ಮುಟ್ಟಿ ನೋಡಿ ರೋಗ ಹೇಳುವ ಕೈ ಅವರದು. ಯಾವ ಜಾತಿಯವರನ್ನೂ ಹೊರಗಿಟ್ಟವರಲ್ಲ; ತಮ್ಮ ಬಂಧುಗಳ ಮದುವೆಯಲ್ಲಿ ಊಟಕ್ಕೆ ಬೇರೆ ಪಂಕ್ತಿ ಹಾಕಿದರೆಂದು ಎದ್ದು ಬಂದವರು. ದೇವರು ಮೈದುಂಬುತ್ತದೆಂದು ಕರೆತಂದ ಹುಡುಗಿಯನ್ನು ಮುಂದೆ ಕೂರಿಸಿಕೊಂಡು, "ನಿನ್ನ ದೇವ್ರಿಗೆ ಹೇಳು ತಂಗಿ, ಗಣಿತದ ಪರೀಕ್ಷಿ ಮುಗದ ಮ್ಯಾಲೆ ಬರ್ಲಿ," ಎಂದು ನಗಿಸಿ, ಶಾಲೆಗೆ ಕಳಿಸಿದವರು. ಇಂಥ ಮನುಷ್ಯ ನಮ್ಮ ಬಯಲುಸೀಮೆಗೆ ಅಪರೂಪ.

ಇನ್ನು ಬೆಂಚಿನ ವಿಷಯ.

ನಮ್ಮ ಕಡೆ ಬಾವು ಬಂದರೆ, ಕಾಮಾಲೆಯಾದರೆ, ಕೂಸು ಅತ್ತರೆ ಬರೆ ಹಾಕುತ್ತಾರೆ. ಕುಡುಗೋಲಿನ ತುದಿಯನ್ನು ಬೆಂಕಿಯಲ್ಲಿ ಕೆಂಪಗೆ ಮಾಡಿ ಚರ್ಮಕ್ಕೆ ಒತ್ತುತ್ತಾರೆ. ವೈದ್ಯರಿಗೆ ಇದು ಕಡುಕೋಪದ ಸಂಗತಿ. ಬರೆ ಹಾಕಿಸಿಕೊಂಡು ಬಂದ ರೋಗಿಯನ್ನು ಅವರು ಸರದಿಯಲ್ಲಿ ನಿಲ್ಲಗೊಡುತ್ತಿರಲಿಲ್ಲ. ಆಸ್ಪತ್ರೆಯ ಪಡಸಾಲೆಯ ಕೊನೆಯಲ್ಲಿ, ಅವರ ಕೋಣೆಯ ಕಿಟಕಿಯ ಕೆಳಗೆ, ಒಂದು ಸಿಮೆಂಟಿನ ಬೆಂಚು ಇತ್ತು. "ಪಾಠದ ಬೆಂಚಿಗೆ ಹೋಗ್ರಿ" ಎನ್ನುತ್ತಿದ್ದರು. ಎಷ್ಟೇ ಮೊದಲು ಬಂದಿದ್ದರೂ, ಎಷ್ಟೇ ದೂರದಿಂದ ಬಂದಿದ್ದರೂ, ಎಲ್ಲ ರೋಗಿಗಳು ಮುಗಿದ ಮೇಲೆ ಆ ಬೆಂಚಿನವರ ಸರದಿ. ಹೋಗುವವರು ಬರುವವರು ನೋಡಬೇಕು, ನೋಡಿ ಕಲಿಯಬೇಕು. ಊರಿನ ವಿಚಾರವಂತರಿಗೆ ಇದು ಹೆಮ್ಮೆಯ ಸಂಗತಿಯಾಗಿತ್ತು. ನಮ್ಮ ಸಭೆಗಳಲ್ಲಿ ಆ ಬೆಂಚನ್ನು ಉದಾಹರಣೆಯಾಗಿ ಹೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ನನ್ನ ಅಂಗಾಲಿಗೆ ಜಾಲಿಮುಳ್ಳು ಮುರಿಯಿತು. ಕಿತ್ತು ಎಸೆದು ತಿರುಗಾಟ ಮುಂದುವರಿಸಿದೆ. ಕಾಲು ಕೆಂಪಾಯಿತು, ಕೆಂಪು ಮೊಣಕಾಲಿನ ಕಡೆಗೆ ಏರಿತು, ಮೈ ನಡುಗುವ ಜ್ವರ ಬಂದಿತು. ಎಚ್ಚರ ತಪ್ಪಿ ಬಿದ್ದಿದ್ದಾಗ ನಮ್ಮ ದೊಡ್ಡವ್ವ, ತನಗೆ ಗೊತ್ತಿದ್ದ ಒಂದೇ ಮದ್ದನ್ನು ಮಾಡಿದಳು. ಕಣ್ಣು ಬಿಟ್ಟಾಗ ಮೀನಖಂಡದ ಮೇಲೆ ಬರೆ ಎದ್ದಿತ್ತು. ನೆರೆಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು.

ವೈದ್ಯರು ಪಂಚೆ ಸರಿಸಿ ನೋಡಿದರು. ಬಾವನ್ನು ನೋಡುವ ಮೊದಲು ಬರೆಯನ್ನು ನೋಡಿದರು.

"ಭೇಷ್! ಮೈಕಿನಾಗ ಮೂಢನಂಬಿಕಿ, ಕಾಲಾಗ ಬರಿ! ಯಾರಲೇ ಹಾಕಿದವ್ರು?"

"ನಾನಽ ರೀ ಯಪ್ಪಾ," ಎಂದಳು ದೊಡ್ಡವ್ವ. "ಅಂವಗ ಖಬರೇ ಇರ್ಲಿಲ್ಲ."

"ನನ್ನ ಶಿಷ್ಯ ಅಂತ ಬಿಟ್ರ ಊರು ಏನಂದೀತು? ಹೋಗು. ನೀನಽ ಪಾಠ ಆಗು ಇವತ್ತು."

ದೊಡ್ಡವ್ವನ ಹೆಗಲ ಮೇಲೆ ಭಾರ ಹಾಕಿ ನಾನು ಬೆಂಚಿಗೆ ಹೋದೆ. ಅಲ್ಲಿ ಆಗಲೇ ಒಬ್ಬ ಮುದುಕಿ ಕುಳಿತಿದ್ದಳು, ಪಕ್ಕದಲ್ಲಿ ಅವಳ ಮಗ ನಿಂತಿದ್ದ. ಕೂಡ್ಲಿಗಿ ಕಡೆಯ ಕುರಿಗಾರರು. ಅವಳ ಹೆಸರು ಮೈಲವ್ವ, ಮಗ ಬೀರಪ್ಪ. ಉಣ್ಣೆ ಕತ್ತರಿಸುವಾಗ ಕತ್ತರಿ ತಾಗಿ ಅವಳ ಕೈಗೆ ಗಾಯವಾಗಿತ್ತು. ಕೈ ಮೊಣಕೈವರೆಗೆ ಊದಿ, ಬಣ್ಣ ತಿರುಗಿ, ನೋಡಲಾಗದಂತಿತ್ತು. ಅದರ ಮೇಲೆ, ತೋಳಿಗೆ ಅಡ್ಡಲಾಗಿ ಒಂದು ಬರೆ.

"ಬಾವು ಮ್ಯಾಲೆ ಏರಬಾರ್ದಂತ ನನ್ನ ಮಗ ಬದು ಹಾಕ್ಯಾನ," ಎಂದು ಅವಳು ನಕ್ಕಳು. ಹೊಲದ ನೀರು ಹರಿದು ಹೋಗದಂತೆ ಹಾಕುವ ಬದು! ಆ ನಂಬಿಕೆಯ ತರ್ಕ ನನಗೆ ಆಗ ಮೊದಲ ಬಾರಿ ಕಂಡಿತು. ನಂತರ ನನ್ನ ಕಾಲಿನ ಕಡೆ ನೋಡಿ, "ನಿನಗೂ ಮುದ್ರಿ ಒತ್ಯಾರಲ್ಲೋ ಯಪ್ಪಾ! ಕುರಿಗಾದ್ರ ಯಾರ ಕುರಿ ಅಂತ ಗುರುತಿಗೆ ಒತ್ತತೀವಿ. ನಾವಿಬ್ರು ಈಗ ಯಾರ ಕುರಿಗುಳು?" ಎಂದಳು.

"ಸುಮ್ಕ ಕುಂದ್ರಬೇ ಯವ್ವಾ, ಸಾಹೇಬ್ರಿಗೆ ಕೇಳ್ತೈತಿ," ಎಂದ ಬೀರಪ್ಪ.

"ಕೇಳ್ಲಿ. ಕರಿತಾರ ತಗೋ. ಕೊನಿಗೆ ಬಂದ ಕುರಿಗೂ ನೀರು ಸಿಗತೈತಿ."

ಬಿಸಿಲು ಏರಿತು. ಒಳಗೆ ಒಬ್ಬರಾದ ಮೇಲೆ ಒಬ್ಬರು ಹೋಗಿ ಬಂದರು. ಕೆಮ್ಮಿನವರು, ಸೊಂಟನೋವಿನವರು, ಸಕ್ಕರೆ ಕಾಯಿಲೆಯ ಮಾತ್ರೆ ಬದಲಿಸಿಕೊಳ್ಳಲು ಬಂದವರು. ಕಿಟಕಿಯಿಂದ ವೈದ್ಯರ ದನಿ ಕೇಳುತ್ತಿತ್ತು. ಯಾರಿಗೋ ಕೈ ತೊಳೆಯುವುದರ ಮಹತ್ವವನ್ನು ಬಹಳ ಚೆನ್ನಾಗಿ ವಿವರಿಸುತ್ತಿದ್ದರು. ಕಣ್ಣಿಗೆ ಕಾಣದ ಹುಳು ರಕ್ತಕ್ಕೆ ಸೇರಿದರೆ ಒಂದೊಂದು ಗಳಿಗೆಯೂ ಮುಖ್ಯವೆಂದು ಹೇಳುತ್ತಿದ್ದರು. ಹೌದು, ಅದೇ ಮಾತು. ನಾನು ಕಿವಿಯಾರೆ ಕೇಳಿದೆ.

ಮೈಲವ್ವ ಮಾತು ನಿಲ್ಲಿಸಿದಳು. ಬೆವರು ಸುರಿಯುವ ಬಿಸಿಲಿನಲ್ಲಿ ಅವಳ ಮೈ ತಣ್ಣಗಿತ್ತು. ಪಡಸಾಲೆಯಲ್ಲಿ ಹಾದುಹೋಗುತ್ತಿದ್ದ ನರ್ಸ್ ಒಬ್ಬಳು ಮೈಲವ್ವನ ಕೈ ಹಿಡಿದು ನೋಡಿ, ಓಡಿ ಒಳಗೆ ಹೋದಳು. ಕಿಟಕಿಯಿಂದ ಕೇಳಿದ ಮಾತು ಇದು:

"ಸರ್, ಬೆಂಚಿನ ಮ್ಯಾಲಿನ ಅಜ್ಜಿಗೆ ನಾಡಿ ಸರಿಯಾಗಿ ಸಿಗವಲ್ದು."

"ಬೆಂಚಿನವ್ರು ಆಮ್ಯಾಲೆ ಅಂತ ಗೊತ್ತಿಲ್ಲೇನು?"

"ಸರ್, ಸ್ವಲ್ಪ..."

"ಒಬ್ಬರಿಗೆ ಬಿಟ್ರ ಪಾಠ ಕೆಡತೈತಿ. ಹೋಗಮ್ಮ."

ಎದ್ದು ಹೋಗಿ ಬಾಗಿಲು ಬಡಿಯೋಣವೆಂದು ನಾನು ಕಾಲೂರಿದೆ, ನೆಲಕ್ಕೆ ಬಿದ್ದೆ. ದೊಡ್ಡವ್ವ ಕಿರುಚಿಕೊಂಡಳು. ಬೀರಪ್ಪ ನನ್ನನ್ನು ಎತ್ತಲು ಬಾಗಿದಾಗ ಅವನ ತಾಯಿ ಬೆಂಚಿನ ಮೇಲೆ ಪಕ್ಕಕ್ಕೆ ವಾಲಿದಳು.

ಆಗ ವೈದ್ಯರು ಬಂದರು; ಓಡಿಯೇ ಬಂದರು. ಆ ಮುದುಕಿಯನ್ನು ತಾವೇ ಎತ್ತಿಕೊಂಡು ಒಳಗೊಯ್ದರು. ತಮ್ಮಿಂದಾದದ್ದನ್ನೆಲ್ಲ ಮಾಡಿದರು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಹೊರಗೆ ಬಂದಾಗ ಅಂಗಿ ಬೆವರಿನಿಂದ ಮೈಗಂಟಿತ್ತು. ಬೀರಪ್ಪ ಕೈಮುಗಿದು ನಿಂತಿದ್ದ. ಅವನಿಗೆ ಅವರು ಹೇಳಿದ ಮಾತನ್ನು ನಾನು ಸ್ಟ್ರೆಚರಿನ ಮೇಲೆ ಮಲಗಿ ಕೇಳಿದೆ.

"ನಿಮ್ಮವ್ವನ್ನ ನೀನಽ ಕೊಂದಿ. ಬರಿ ಹಾಕಿದ ದಿನಾನಽ ಕೊಂದಿ. ಊರಾಗ ಹೋಗಿ ಎಲ್ಲಾರಿಗೂ ಹೇಳು."

ಬೀರಪ್ಪ ತಲೆಯಾಡಿಸಿದ. ಹೇಳಿದಂತೆಯೇ ಹೋಗಿ ಎಲ್ಲರಿಗೂ ಹೇಳಿದ.

ನನ್ನ ಕಾಲನ್ನು ಅವರು ಅದೇ ದಿನ ಕೊಯ್ದು ಶುದ್ಧಮಾಡಿದರು. ಬೇರೆ ಯಾರಾದರೂ ಆಗಿದ್ದರೆ ಕಾಲನ್ನೇ ತೆಗೆಯುತ್ತಿದ್ದರು ಎಂದು ನಂತರ ನೋಡಿದ ವೈದ್ಯರೆಲ್ಲ ಹೇಳಿದ್ದಾರೆ. ಅವರು ಹಟ ಹಿಡಿದು ಉಳಿಸಿದರು. ತೆರೆದ ಗಾಯವನ್ನು ನರ್ಸುಗಳಿಗೆ ಬಿಡದೆ ದಿನವೂ ತಾವೇ ತೊಳೆದು ಪಟ್ಟಿ ಕಟ್ಟುತ್ತಿದ್ದರು. ನಾನು ಹಲ್ಲು ಕಚ್ಚಿದಾಗ, "ಒದರಲೇ, ಒದರು. ಭಾಷಣಕಾರ ಆಗಿ ಸುಮ್ಕ ಇದ್ರ ನನಗ ಅಂಜಿಕಿ ಆಗತೈತಿ," ಎನ್ನುತ್ತಿದ್ದರು. ಮೋಸಂಬಿ ಸುಲಿದು, ಬೀಜ ತೆಗೆದು ಬಾಯಿಗಿಡುತ್ತಿದ್ದರು. ಹೆತ್ತ ತಂದೆಯೂ ನನಗೆ ಅಷ್ಟು ಮಾಡಿರಲಿಲ್ಲ. ದ್ವೇಷಿಸಬೇಕೆಂದುಕೊಂಡ ಕೈಯಿಂದಲೇ ತುತ್ತು ತಿನ್ನುವ ಅವಮಾನ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು.

ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಕೇಳಿಯೇ ಬಿಟ್ಟೆ. "ಸರ್, ಮೈಲವ್ವನ್ನ ಕೊಂದಿದ್ದು ಬರಿನೋ, ಬೆಂಚೋ?"

ಅವರು ಪಟ್ಟಿ ಸುತ್ತುತ್ತಲೇ ಇದ್ದರು.

"ಆಕಿ ಸತ್ತ ಮ್ಯಾಲೆ ಅವರ ಹಟ್ಟ್ಯಾಗ ಒಬ್ರೂ ಬರಿ ಹಾಕಿಲ್ಲಂತ. ಸುತ್ತಿನ ಹಟ್ಟಿಯವ್ರೂ ಬಿಟ್ಟಾರ. ನೀ ಊರೂರು ತಿರುಗಿ ಭಾಷಣ ಮಾಡಿದ್ರ ಆಗತಿತ್ತೇನು ಇದು?" ಪಟ್ಟಿಗೆ ಗಂಟು ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಾದ ಮುಗಿದಿತ್ತು. ಸುಳ್ಳು ಮಾತಾಗಿದ್ದರೆ ಎದುರಿಸಬಹುದಿತ್ತು, ಅದು ನಿಜವಾಗಿತ್ತು. ಒಬ್ಬಳ ಸಾವಿನಿಂದ ಊರು ತಿದ್ದಿಕೊಂಡಿತ್ತು, ತಿದ್ದಿದವರು ನಿಶ್ಚಿಂತೆಯಿಂದ ಇದ್ದರು. ಆ ನಿಶ್ಚಿಂತೆಯನ್ನು ಒಂದು ದಿನವಾದರೂ ಕಸಿದುಕೊಳ್ಳಬೇಕೆಂಬ ಆಸೆ ನನ್ನೊಳಗೆ ಬೇರುಬಿಟ್ಟಿತು. ಗುಣಮುಖನಾಗಿ ನಡೆದಾಡುವಾಗಲೆಲ್ಲ ಆ ಕಾಲು ಅದನ್ನು ನೆನಪಿಸುತ್ತಿತ್ತು.

ವರ್ಷಗಳ ನಂತರ ಅವರು ವೃತ್ತಿಯಿಂದ ನಿವೃತ್ತರಾದರು. ಕಾಲೇಜಿನ ಸಭಾಂಗಣದಲ್ಲಿ ಸನ್ಮಾನ ಏರ್ಪಾಡಾಯಿತು. ಗುಣವಾದ ರೋಗಿಗಳ ಪರವಾಗಿ ನಾನು ಮಾತನಾಡಬೇಕೆಂದು ಸಂಘಟಕರ ಅಪೇಕ್ಷೆ. "ಪ್ಯಾಂಟ್ ಸ್ವಲ್ಪ ಮ್ಯಾಲೆ ಮಡಚ್ರಿ ಮೇಷ್ಟ್ರ, ಕಾಲು ಜನಕ್ಕ ಕಾಣ್ಲಿ," ಎಂದು ಒಬ್ಬರು ಸಲಹೆಯನ್ನೂ ಕೊಟ್ಟರು.

ನಾನು ಬೀರಪ್ಪನನ್ನು ಹುಡುಕಿಕೊಂಡು ಹೋದೆ. ಅವನು ಕೂದಲು ನೆರೆತು, ಮಾತು ಕಡಿಮೆ ಮಾಡಿಕೊಂಡಿದ್ದ. ಅವ್ವನ ತಿಥಿಗೂ ಹಟ್ಟಿಯಲ್ಲಿ ನಿಲ್ಲುವುದಿಲ್ಲ, ಕುರಿ ಹೊಡೆದುಕೊಂಡು ಹೋಗಿಬಿಡುತ್ತಾನೆ ಎಂದು ಅವನ ಹೆಂಡತಿ ಹೇಳಿದಳು. "ಕೊಂದಾಂವ ಎಡಿ ಇಟ್ರ ಮುಟ್ಟತೈತೇನಂತ ಕೇಳ್ತಾನ್ರಿ." ವೈದ್ಯರ ಸನ್ಮಾನವೆಂದಾಗ ಮಾತ್ರ ಅವನ ಮುಖ ಅರಳಿತು. "ನಮ್ಮವ್ವನ್ನ ಉಳಿಸಾಕ ಭಾಳ ಬಡಿದಾಡಿದ್ರು ಪುಣ್ಯಾತ್ಮರು. ಒಂದು ಕಂಬಳಿ ಹೊದಿಸಿ ಬರ್ತೀನಿ," ಎಂದ. ಹೊಸ ಕರಿಕಂಬಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಬಂದ. ನಾನು ಏನು ಮಾತನಾಡಲಿದ್ದೇನೆಂದು ಅವನಿಗೆ ಹೇಳಲಿಲ್ಲ.

ಸಭೆ ತುಂಬಿತ್ತು. ಶಾಲುಗಳ ಮೇಲೆ ಶಾಲು ಬಿದ್ದು ವೈದ್ಯರ ಮುಖವಷ್ಟೇ ಕಾಣುತ್ತಿತ್ತು. ನನ್ನ ಸರದಿ ಬಂದಾಗ ನಾನು ಅವರೇ ಕಲಿಸಿದ ಕ್ರಮದಲ್ಲಿ ಮಾತನಾಡಿದೆ. ಮೊದಲು ಒಪ್ಪಿಕೊಂಡೆ: ಉಳಿದ ಕಾಲನ್ನು, ಅವರ ಕೈಗುಣವನ್ನು, ಮೋಸಂಬಿಯನ್ನು. ಆಮೇಲೆ ಹೊಡೆದೆ. ಬೆಂಚನ್ನು ವರ್ಣಿಸಿದೆ. ನರ್ಸ್ ಹೇಳಿದ್ದನ್ನೂ ಅವರು ಕೊಟ್ಟ ಉತ್ತರವನ್ನೂ ಅಕ್ಷರ ಬಿಡದೆ ಹೇಳಿದೆ. "ಬರೆ ಹಾಕಿದವರಿಗೆ ಗೊತ್ತಿರಲಿಲ್ಲ, ಸೋಂಕು ರಕ್ತಕ್ಕೇರಿದೆ ಎಂಬುದು. ಕಿಟಕಿಯ ಒಳಗಿದ್ದವರಿಗೆ ಗೊತ್ತಿತ್ತು. ತಿಳಿಯದವನ ತಪ್ಪು, ತಿಳಿದವನ ತಪ್ಪು ಒಂದೇ ತೂಕದವಲ್ಲ. ಮೈಲವ್ವ ಬರೆಯಿಂದ ಸಾಯಲಿಲ್ಲ, ಹೊರಗೆ ಕೂರಿಸಿದ್ದರಿಂದ ಸತ್ತಳು," ಎಂದು ಮುಗಿಸಿದೆ.

ಅಧ್ಯಕ್ಷರು ನೀರು ಕುಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೀರಪ್ಪ ಎದ್ದು ನಿಂತ.

"ಮೇಷ್ಟ್ರ, ಹಂಗಾರ ಬರಿ ಹಾಕಿದ್ದಕ್ಕ ನಮ್ಮವ್ವ ಸತ್ತಿಲ್ಲೇನ್ರಿ?"

"ಇಲ್ಲ ಬೀರಪ್ಪ."

"ಹಂಗಾರ ಇನ್ನ ಹಾಕಬೌದೇನ್ರಿ?"

ಸಭೆ ಗೊಳ್ಳೆಂದು ನಕ್ಕಿತು. ವೈದ್ಯರೂ ನಕ್ಕರು. ಮೈಕನ್ನು ತಮ್ಮ ಕಡೆ ಎಳೆದುಕೊಂಡು, "ಕೇಳಿದಿರೇನ್ರಿ? ಇದಕ್ಕಽ ಇತ್ತು ನಮ್ಮ ಬೆಂಚು. ನಾನು ಆರಿಸಿದ ಬೆಂಕ್ಯಾಗ ಮೇಷ್ಟ್ರು ಮತ್ತ ಕುಡುಗೋಲು ಇಟ್ರು ನೋಡ್ರಿ!" ಎಂದರು. ಈಗ ಚಪ್ಪಾಳೆ ಬಿತ್ತು, ದೊಡ್ಡ ಚಪ್ಪಾಳೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ನಾನು ಸೋತಿದ್ದೆ. ನನ್ನ ಸೇಡು, ನಾನು ಜೀವಮಾನವಿಡೀ ಹೋರಾಡಿದ ಬರೆಯ ಪರವಾಗಿಯೇ ಸಾಕ್ಷಿ ನುಡಿದಂತಾಗಿತ್ತು.

ಬೀರಪ್ಪ ಕುಳಿತಿರಲಿಲ್ಲ. ನಗು ಇಳಿಯುವವರೆಗೆ ನಿಂತಿದ್ದು, ವೇದಿಕೆಯ ಹತ್ತಿರಕ್ಕೆ ಬಂದ.

"ನಗಬ್ಯಾಡ್ರಿ. ನೀವು ಅಂದ ದಿನದಿಂದ ನಾನು ಮನಷ್ಯಾರಿಗೇನು, ಕುರಿಗೂ ಬರಿ ಹಾಕಿಲ್ರಿ ಸಾಹೇಬ್ರ. ಹಾಕೂದೂ ಇಲ್ಲ. ಸುಡೂದು ತಪ್ಪು, ತಿಳದೈತಿ. ಆದ್ರ ಹಾಕಿದಾಂವ ನಾನು. ಬಾಜೂಕ ನಿಂತಿದ್ದೆ. ನನ್ನನ್ನ ಬೆಂಚಿಗೆ ಹಾಕಬೇಕಿತ್ರಿ. ದಿನಾ ಕುಂದ್ರಿಸಿದ್ರೂ ಕುಂದ್ರತಿದ್ದೆ, ಊರೆಲ್ಲ ನೋಡತಿತ್ತು. ಆಕಿನ್ನ ಯಾಕ ಕುಂದ್ರಿಸಿದ್ರಿ? ಆಕಿನ್ನ ಒಳಗ ಕರಕೋಬೇಕಿತ್ತಲ್ರಿ."

ಇಷ್ಟೇ. ಕಾಲೇಜಿನ ಚರ್ಚೆಯಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ನಿದ್ದೆಯಿಲ್ಲದೆ ಹೊರಳಾಡುವಾಗ ನಾನು ಹುಡುಕಿ ಸಿಗದ ಉತ್ತರ ಇಷ್ಟೇ ಆಗಿತ್ತು. ಪಾಠ ಬೇಕಿದ್ದರೆ ಪಾಠ. ರೋಗಿ ಅದರ ಕರಿಹಲಗೆಯಾಗಬೇಕಿರಲಿಲ್ಲ.

ವೈದ್ಯರ ಕೈ ಮೇಜಿನ ಮೇಲೆ ತಡಕಾಡಿತು. ಕನ್ನಡಕ ಸಿಕ್ಕಿತು, ಹಾಕಿಕೊಂಡರು. ಅವರು ಹಾಗೆ ಮುಗಿದ ವಾದವನ್ನು ಮತ್ತೆ ತೆರೆದದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಬೀರಪ್ಪನನ್ನು ನೋಡಿದರು. ಸಭೆ ಕಾಯಿತು. ಬೀರಪ್ಪನೂ ಕಾದ, ಕಾಯುವುದು ಅವನಿಗೆ ಹೊಸದಲ್ಲ. ಮಾತು ಬರಲಿಲ್ಲ.

ಬೀರಪ್ಪ ಹೆಗಲ ಮೇಲಿನ ಕಂಬಳಿಯನ್ನು ಒಮ್ಮೆ ಮುಟ್ಟಿಕೊಂಡ. ವೈದ್ಯರಿಗೆ ಹೊದಿಸಲು ತಂದಿದ್ದನ್ನು ಮತ್ತೆ ಸರಿಮಾಡಿ ತನ್ನ ಹೆಗಲಿಗೇ ಹಾಕಿಕೊಂಡು, "ಬರ್ತೀನ್ರಿ, ಕುರಿ ಬಿಟ್ಟು ಬಂದೀನಿ," ಎಂದು ಹೊರನಡೆದ. ಆ ವರ್ಷದ ತಿಥಿಗೆ ಅವನು ಹಟ್ಟಿಯಲ್ಲೇ ಇದ್ದ. ತನ್ನ ಕೈಯಾರೆ ಎಡೆ ಇಟ್ಟ. ನನ್ನನ್ನೂ ಊಟಕ್ಕೆ ಕರೆದಿದ್ದ.

ಅದರ ನಂತರ ವೈದ್ಯರು ನನ್ನೊಡನೆ ಮಾತನಾಡಲಿಲ್ಲ. ನಾನೂ ಹೋಗಲಿಲ್ಲ. ಕೊನೆಗಾಲದಲ್ಲಿ ಕೊರಗಿದರೋ ಇಲ್ಲವೋ ತಿಳಿಯದು. ಕೊರಗಿದ್ದರೆ ನನಗೆ ಸಂತೋಷ.

ಸಂಚಿಕೆಯ ಮುಖಪುಟಕ್ಕೆ ಆ ಸನ್ಮಾನದ ದಿನದ ಫೋಟೋವನ್ನು ಆರಿಸಿದ್ದಾರಂತೆ. ಸಮಿತಿಯವರು ನನಗೂ ತೋರಿಸಿ, "ಎಷ್ಟು ಕಳೆ ಐತಿ ನೋಡ್ರಿ ಮೇಷ್ಟ್ರ, ಮುಖದ ಮ್ಯಾಲೆ," ಎಂದರು. ನೋಡಿದೆ. ಕತ್ತಿನವರೆಗೆ ಶಾಲುಗಳಿವೆ, ರೇಷ್ಮೆಯವು, ಜರಿಯಂಚಿನವು, ಮಠದಿಂದ ಬಂದವು. ಕಂಬಳಿ ಇಲ್ಲ.